ಖಾಲಿ ಉಳಿದ ಚೀಟಿ

ನಿಘಂಟು ಕಚೇರಿ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೨, ಬುಧವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಔಷಧಿ ಬದಲಾಯಿಸಿದ ಮೇಲೆ ಊಟ ಸೇರುತ್ತಿದೆಯೇ? ಫೋನಿನಲ್ಲಿ ಕೇಳಿದರೆ ‘ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ’ ಅಂತ ನಕ್ಕುಬಿಡುತ್ತೀಯ. ಅದಕ್ಕೇ ಕಾಗದದಲ್ಲಿ ಕೇಳುತ್ತಿದ್ದೇನೆ. ಇಲ್ಲಿ ನಿನ್ನ ನಗು ಅಡ್ಡ ಬರುವುದಿಲ್ಲ.

ನಮ್ಮ ಇಂಗ್ಲಿಷ್-ಕನ್ನಡ ನಿಘಂಟು ಕೊನೆಗೂ ‘ವಿ’ ಅಕ್ಷರ ಮುಟ್ಟಿದೆ. ಈ ವಾರ ನನ್ನ ಪಾಲಿಗೆ ಬಂದ ಪದ ‘ವಿಗರ್’. ಅರ್ಥ ಬರೆಯಲಿಕ್ಕೇ ಎರಡು ದಿನ ಹಿಡಿಯಿತು. ಕಸುವು ಎಂದರೆ ಬರೀ ತೋಳಿನದಾಯಿತು. ಹುರುಪು ಬಂದು ಹೋಗುವಂಥದ್ದು. ಇದು ಮೈಯಲ್ಲೂ ಮನಸ್ಸಿನಲ್ಲೂ ಒಟ್ಟಿಗೇ ತುಂಬಿ ನಿಲ್ಲುವ ಬಲ. ಚಿಗುರುವ ಗಿಡಕ್ಕೂ ಸಲ್ಲುತ್ತದೆ, ವಾದಕ್ಕಿಳಿದವರ ಮಾತಿಗೂ ಸಲ್ಲುತ್ತದೆ. ಕೊನೆಗೆ ‘ಚೈತನ್ಯ, ಕಸುವು’ ಎಂದು ಎರಡನ್ನೂ ಬರೆದೆ. ಇನ್ನು ಉಳಿದದ್ದು ಬಳಕೆಯ ವಾಕ್ಯ. ನಮ್ಮ ಸಂಪಾದಕರ ಕಟ್ಟಳೆ ಗೊತ್ತಲ್ಲ: ಪ್ರತಿ ಪದದ ಚೀಟಿಯಲ್ಲೂ ವಾಕ್ಯ ನಾವು ಕಣ್ಣಾರೆ ಕಂಡದ್ದೇ ಆಗಿರಬೇಕು, ಕೆಳಗೆ ಸಹಿ ಹಾಕಬೇಕು. ಹಾಲು ಬೆಳ್ಳಗಿದೆ ಎಂದರೂ ‘ನೋಡಿದೀರೇನಮ್ಮಾ?’ ಎನ್ನುವ ಪೈಕಿ ಅವರು.

ನನಗೆ ಯೋಚಿಸುವುದೇನಿತ್ತು? ಈಜುಕೊಳದ ದಂಡೆಯಲ್ಲಿ ಸೀಟಿ ಹಿಡಿದು ನಲವತ್ತು ಮಕ್ಕಳನ್ನು ಗದರುತ್ತಿದ್ದವಳು ನನ್ನಕ್ಕ. ‘ಕಾಯಿಲೆಯಿಂದ ಅಕ್ಕನ ಚೈತನ್ಯ ಎಳ್ಳಷ್ಟೂ ಕುಂದಲಿಲ್ಲ’ ಎಂದು ಬರೆದು, ಸಹಿ ಮಾಡಿ ಕೊಟ್ಟೆ. ಸಂಪಾದಕರು ಓದಿ, ಕನ್ನಡಕ ಹಣೆಗೇರಿಸಿ, ‘ಪಾಪ, ಹೇಗಿದಾರೆ? ಹೋಗಿ ನೋಡ್ಕೊಂಡು ಬಂದ್ರಾ?’ ಎಂದರು. ವಿಚಾರಿಸಿದ್ದು ನಿನ್ನನ್ನು, ಚೀಟಿಯನ್ನಲ್ಲ. ಆದರೂ ಕೈಚಾಚಿ ಅದನ್ನು ವಾಪಸು ಇಸಿದುಕೊಂಡೆ. ನೀನು ಆಸ್ಪತ್ರೆಯಿಂದ ಮನೆಗೆ ಬಂದು ಐದು ತಿಂಗಳಾಯಿತು. ‘ಟಿ’ ಮುಗಿಯಲಿ, ‘ಯು’ ಮುಗಿಯಲಿ ಎನ್ನುತ್ತಲೇ ಕಳೆದೆ. ಫೋನಿನಲ್ಲಿ ಕೇಳಿದ ನಗುವನ್ನೇ ಕಂಡದ್ದೆಂದು ಸಹಿ ಹಾಕಿದ್ದೆ. ನೀನು ಗಟ್ಟಿಯಾಗಿದ್ದೀಯ ಎಂದುಕೊಂಡರೆ ನಾನು ಬರಬೇಕಾದ ಪ್ರಮೇಯವೇ ಇರುತ್ತಿರಲಿಲ್ಲ, ಅಷ್ಟೇ.

ಮನೆಯವರೂ ಮಗಳೂ ನಿನ್ನನ್ನು ಕೇಳಿದ್ದಾರೆ. ಬೇಗ ಹುಷಾರಾಗು ಎಂದು ಬರೆಯುವುದಿಲ್ಲ, ನಿಧಾನವಾಗಿಯೇ ಆಗು.

ಇಂತಿ, ನೀನು ರೇಗಿಸುವ
ಪುಸ್ತಕದ ಹುಳು

ಹೇಳುವುದನ್ನೇ ಮರೆತೆ: ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ, ಹದಿನೈದು ದಿನ ರಜೆ ಹಾಕಿ. ಆ ವಾಕ್ಯ ಅಳಿಸಿದ್ದೇನೆ, ಚೀಟಿಯಲ್ಲಿ ಅದರ ಜಾಗ ಖಾಲಿಯೇ ಇದೆ, ಇರಲಿ. ನಾನು ಬರುತ್ತೇನೆಂದು ಎದ್ದು ಮನೆ ಗುಡಿಸಬೇಡ, ತಲೆ ಬಾಚಿಕೊಂಡು ಬಾಗಿಲಲ್ಲಿ ನಿಲ್ಲಬೇಡ. ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿರು. ಸುಸ್ತಾಗಿದ್ದರೆ ಸುಸ್ತಾಗಿಯೇ ಮಲಗಿರು ಅಕ್ಕಾ. ಅದನ್ನು ನೋಡುವುದಕ್ಕೇ ಬರುತ್ತಿದ್ದೇನೆ.