ಕೆಜಾಯಾಳ ಬಾಗಿಲು

ಕಾಟನ್ ಬೆಂಡ್, ಯೂಟಾ
ಅಕ್ಟೋಬರ್ 15, 2019

ಮುದ್ದಿನ ಅರ್ವಿಲ್ಲಾ,

ನಿನ್ನ ಮೊಣಕಾಲು ಹೇಗಿದೆ? ಅಲಾಸ್ಕಾದ ಚಳಿಗೆ ಇನ್ನೂ ಕಟಕಟ ಅನ್ನುತ್ತಿರಬೇಕು. ಕ್ರಿಸ್ಮಸ್ ಕಾರ್ಡಿನಲ್ಲಿ ‘ಮಗಳ ಮನೆಯಲ್ಲಿ ಸುಖವಾಗಿದ್ದೇನೆ’ ಎಂದಷ್ಟೇ ನೀನು ಬರೆದಿದ್ದೆ, ನಾನು ನಂಬಿದಂತೆ ಮಾಡಿದ್ದೇನೆ. ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ಹಿತ್ತಲಲ್ಲಿ ದಾಳಿಂಬೆ ಬಿರಿಯುತ್ತಿವೆ, ಎಂಟು ಬಾಟಲಿ ಜೆಲ್ಲಿ ಮಾಡಿಟ್ಟಾಯಿತು.

ಈಗ ಸುದ್ದಿ, ಕೂತುಕೊಂಡು ಓದು. ಶನಿವಾರ ಒಹಾಯೋದಿಂದ ಒಂದು ಬಸ್ ತುಂಬ ನಿವೃತ್ತರು ಬಂದಿದ್ದರು. ಪೇಟೆ ತೋರಿಸುವವಳಿಗೆ ನೆಗಡಿ, ಹಾಗಾಗಿ ಆ ಹಳೇ ಕಾಲದ ಬಾನೆಟ್ಟು ಟೋಪಿ ನನ್ನ ತಲೆಗೇರಿತು. ಕೆಂಪು ಕಲ್ಲಿನ ಟ್ಯಾಬರ್ನಕಲ್ ಚರ್ಚು, ಹಳೇ ಕೋರ್ಟು, ಹತ್ತಿ ಗೋದಾಮು ಸುತ್ತಿಸಿ, ಐಸ್‌ಕ್ರೀಮ್ ತಿನ್ನಿಸಿ, ಕೊನೆಗೆ ನಮ್ಮ ಮುತ್ತಜ್ಜ ಕಟ್ಟಿದ ಮನೆಗೆ ಕರೆದುಕೊಂಡು ಹೋದೆ. ಅಲ್ಲಿ ಮನೆ ತೋರಿಸುವವನು ಈಗಲೂ ಡೆಲ್ಮಾರನೇ, ಮುತ್ತಜ್ಜನ ಇಬ್ಬರು ಹೆಂಡಿರಲ್ಲಿ ಹಿರಿಯವಳಾದ ಲುವೀನಾಳ ಮರಿಮಗ. ಅವನ ಹೆಸರೆತ್ತಿದರೆ ನಿನಗೆ ಮೈ ಉರಿಯುತ್ತದೆ, ಗೊತ್ತು. ಎಂದಿನಂತೆ ಬಲಗಡೆ ಬಾಗಿಲಿನಿಂದ ಒಳಗೆ ಕರೆದು, ಇದು ಲುವೀನಾಳ ರಾಟೆ, ಇದು ಲುವೀನಾಳ ತೊಟ್ಟಿಲು, ಇದು ಅವಳ ನೀಲಿ ತಟ್ಟೆಗಳ ಗೋಡೆಬೀರು ಎಂದು ಶುರು ಮಾಡಿದ. ಹೊರಗೆ ಎರಡು ಬಾಗಿಲಿವೆಯಲ್ಲ, ಎಡಗಡೆಯದು ಯಾರದು ಎಂದು ಒಬ್ಬ ಅಜ್ಜಿ ಕೇಳಿದಳು. ಡೆಲ್ಮಾರ್ ಅದು ಉಗ್ರಾಣ ಅಂದ.

ಹನ್ನೊಂದು ವರ್ಷದ ಹಿಂದೆ ನಿನ್ನೆದುರಿಗೂ ಹೀಗೇ ಅಂದಿದ್ದನಲ್ಲ. ನೀನು ಜಗಳಕ್ಕೆ ನಿಂತೆ, ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಈ ಸಲ ತಡೆಯಲಾಗಲಿಲ್ಲ. “ಆ ಉಗ್ರಾಣದಲ್ಲೇ ಕಣೋ ನಮ್ಮ ಮುತ್ತಜ್ಜಿ ಕೆಜಾಯಾ ಏಳು ಮಕ್ಕಳನ್ನ ಸಾಕಿದ್ದು. ಬಾಗಿಲು ತೆಗಿ,” ಅಂದುಬಿಟ್ಟೆ. ಡೆಲ್ಮಾರ್ ಬೀಟ್‌ರೂಟಿನ ಹಾಗೆ ಕೆಂಪಾದ. ಆಮೇಲೆ ಹೊರಗೆ ಬಂದು ಜೇಬಿನಿಂದ ಚೂರಿ ತೆಗೆದು, ಎಡಗಡೆ ಬಾಗಿಲ ಸಂದಿಗೆ ಮೆತ್ತಿಕೊಂಡಿದ್ದ ಬಣ್ಣವನ್ನು ಕೊಯ್ಯುತ್ತ ಕೂತ.

ಬಾಗಿಲು ತೆರೆದರೆ ಒಳಗೆ ಯಾವ ಕಾಲದವೋ ಮಡಚು ಕುರ್ಚಿಗಳು, ಧೂಳು ಹಿಡಿದ ಕ್ರಿಸ್ಮಸ್ ನಕ್ಷತ್ರಗಳು! ಪಾಪ, ಅವನು ಸುಳ್ಳು ಹೇಳಿರಲಿಲ್ಲ. ನಕ್ಕು ನಕ್ಕು ಬಾನೆಟ್ಟು ಜಾರಿತು. ಕುರ್ಚಿಗಳ ಹಿಂದೆ, ಗೋಡೆಯಲ್ಲಿ, ಒಂದು ಪುಟ್ಟ ಕದ. ಎಳೆದೆ. ಎದುರಿಗೆ ಲುವೀನಾಳ ನೀಲಿ ತಟ್ಟೆಗಳ ಬೆನ್ನು! ಆ ಬೀರು ಎರಡೂ ಕಡೆಗೆ ತೆರೆಯುತ್ತಿತ್ತು ಕಣೇ. ಸವತಿಯರಿಬ್ಬರೂ ಎಣ್ಣೆ ಸೀಗೆಕಾಯಿ, ಸಾಯುವ ತನಕ ಮಾತಾಡಲಿಲ್ಲ ಎಂದು ಕೇಳಿಕೊಂಡೇ ನಾವು ಬೆಳೆದೆವು. ಬೀರುವಿನ ಹಲಗೆಯಾದರೋ ಆ ಮನೆಯಿಂದ ಈ ಮನೆಗೆ ಪಾತ್ರೆ ಜರುಗಿಸಿ ಜರುಗಿಸಿ ಎರಡೂ ಅಂಚಿನಲ್ಲಿ ಸವೆದಿತ್ತು.

ಡೆಲ್ಮಾರ್ ಬಲಗಡೆ ಮನೆಗೆ ಓಡಿ, ಎರಡು ತಟ್ಟೆ ಸರಿಸಿ ಇಣುಕಿದ. “ನಮ್ಮಜ್ಜಿ ಹೇಳಿದ್ದೆಲ್ಲಾ ಸುಳ್ಳೇನೆ, ಲವರ್ಡಾ?” ಅಂದ.

“ನಮ್ಮಜ್ಜಿ ಹೇಳಿದ್ದೂ ಸುಳ್ಳೇ ಕಣೋ,” ಅಂದೆ.

ಯಾರೂ ಮುಟ್ಟಬಾರದ ಆ ತಟ್ಟೆಯಲ್ಲೇ ಎರಡು ಬಿಸ್ಕತ್ತು ಇಟ್ಟು ಈಚೆಗೆ ತಳ್ಳಿದ. ಸಂತೋಷಕ್ಕೆ ಅಳು ಬಂತು. ಅಳುತ್ತಲೇ ಎರಡನ್ನೂ ತಿಂದೆ.

ಮಗಳಿಗೆ, ಮೊಮ್ಮಕ್ಕಳಿಗೆ ನನ್ನ ಮುತ್ತು. ದೇವರು ನಿನ್ನ ಮೊಣಕಾಲನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಲವರ್ಡಾ

ತಾ.ಕ.: ಅಂಚೆಯವನು ಬಂದೇಬಿಟ್ಟ. ಶನಿವಾರಗಳಲ್ಲಿ ಎಡಗಡೆ ಮನೆ ತೋರಿಸುವುದಕ್ಕೆ ಕೆಜಾಯಾಳ ಕಡೆಯವರು ಯಾರಾದರೂ ಬೇಕೆಂದು ಡೆಲ್ಮಾರ್ ಕೇಳಿದ. ನಿನ್ನ ಹೆಸರು ಕೊಟ್ಟಿದ್ದೇನೆ. ಅವತ್ತು ನಿನ್ನ ಪಕ್ಕದಲ್ಲಿ ನಿಂತೂ ಸುಮ್ಮನಿದ್ದೆ, ತಪ್ಪಾಯಿತು ಅರ್ವಿಲ್ಲಾ. ಬಾನೆಟ್ಟು ಒಗೆದು ಇಸ್ತ್ರಿ ಮಾಡಿಟ್ಟಿದ್ದೇನೆ. ಬಾ.