ಸೊಂಟ ತಿರುಗಿಸುವ ವಿದ್ಯೆ

ಅಪ್ಪಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಈ ಕಾಗದ ನಿನಗೆ ಮುಟ್ಟುವುದಿಲ್ಲ, ಆದರೂ ಬರೆಯದೆ ಹೊಟ್ಟೆಯುರಿ ತಣಿಯದು.

ಇವತ್ತು ಕಾರ್ಗಲ್ಲಿನ ಬಯಲಲ್ಲಿ ಅಣೆಕಟ್ಟಿನ ಇಂಜಿನಿಯರ್ ಸಾಹೇಬ ಗಾಲ್ಫ್ ಆಡುತ್ತಿದ್ದ, ನಾನು ಚೆಂಡು ಹೆಕ್ಕಿ ಕೊಡುತ್ತಿದ್ದೆ. ಎಷ್ಟು ಜೋರಾಗಿ ಕೋಲು ಬೀಸಿದರೂ ಚೆಂಡು ಅರ್ಧ ಬಯಲೂ ದಾಟಲಿಲ್ಲ. ನೋಡಲಾರದೆ ಹೇಳಿದೆ: "ಕೈಗೆ ಬಲ ಹಾಕ್ಬೇಡಿ ಸ್ವಾಮಿ. ಮೊದ್ಲು ಸೊಂಟ ತಿರುಗ್ಲಿ, ಕೈ ತಾನಾಗೇ ಹಿಂದೆ ಬರ್ತದೆ." ಕೊಡಲಿ ಬೀಸಲು ನೀನು ಕಲಿಸಿದ್ದೇ ಅದು. ಮುಂದಿನ ಏಟಿಗೆ ಚೆಂಡು ಬಯಲು ದಾಟಿ ಕಾಡಿಗೆ ಬಿತ್ತು.

ಆಮೇಲೆ ಬಂದ ಅವನ ಗೆಳೆಯರು ಅಂಥದೇ ಏಟು ಕಂಡು ಬೆರಗಾದರೆ ಆ ಮನುಷ್ಯ, "ಪುಸ್ತಕ ಓದಿ ಕಲಿತೆ" ಎಂದುಬಿಟ್ಟ. ನಾನು ಎದುರಿಗೇ ನಿಂತಿದ್ದೆ. ಕಲಿಸಿದವರ ಹೆಸರು ಹೇಳಿದರೆ ಅವನ ಗಂಟೇನು ಹೋಗುತ್ತಿತ್ತು?

ಅವರೆಲ್ಲ ಬರುವ ಮೊದಲು ಅವನು ನನ್ನನ್ನು ಕೇಳಿದ್ದ, "ನಿಂಗ್ಯಾರೋ ಕಲಿಸಿದ್ದು?"

"ಯಾರೂ ಇಲ್ಲ ಸ್ವಾಮಿ, ನಂಗೇ ಹೊಳೀತು" ಎಂದಿದ್ದೆ.