ಎಡಗುಂಡಿಯ ಬೆಣೆ

ಜೂನ್ ೧೧, ಗುರುವಾರ.

ಸಕಲ ಯಂತ್ರಗಳನ್ನು ಒಂದೇ ಪೆನ್ನಿನಿಂದ ಕಾಯುವ ಶ್ರೀಮನ್ಮಹಾ ಸುರಕ್ಷತಾ ತಪಾಸಣಾ ಪಟ್ಟಿಯವರ ಪಾದಕ್ಕೆ, ಸುಸ್ತಾದ ಸೇವಕನ ದೀರ್ಘದಂಡ ನಮಸ್ಕಾರ.

ಮಧ್ಯಾಹ್ನ ತಗಡು ಒತ್ತುವ ಯಂತ್ರ ಮೇಸ್ತ್ರಿಯ ಎಡಗೈಗವಸಿನ ಕಿರುಬೆರಳನ್ನು ಕತ್ತರಿಸಿಹಾಕಿತು. ಪುಣ್ಯಕ್ಕೆ ಅದರೊಳಗೆ ಬೆರಳಿರಲಿಲ್ಲ. ಅದು ಹೋಗಿ ಹನ್ನೊಂದು ವರ್ಷವಾಗಿದೆ.

"ಒಂದೇ ಬೆರಳನ್ನ ಎರಡು ಸಲ ಕಳ್ಕೊಂಡವನು ನಾನೊಬ್ಬನೇ ಕಣ್ರೋ!" ಎಂದು ಮೇಸ್ತ್ರಿ ನಕ್ಕರು. ನಾವೂ ನಕ್ಕೆವು.

ಎರಡೂ ಕೈಗಳಿಂದ ಎರಡು ಗುಂಡಿ ಒತ್ತಿದರಷ್ಟೇ ಯಂತ್ರ ಇಳಿಯಬೇಕು. ಕೈ ಒಳಗೆ ಉಳಿಯಬಾರದೆಂದೇ ಆ ಏರ್ಪಾಡು. ಆದರೆ ಕೆಲಸ ಬೇಗ ಮುಗಿಯಲೆಂದು ಎಡಗುಂಡಿ ಸದಾ ಒತ್ತಿಕೊಂಡೇ ಇರುವಂತೆ ಅದಕ್ಕೆ ಮರದ ಬೆಣೆ ಸಿಕ್ಕಿಸಲಾಗಿತ್ತು. ತಿಂಗಳ ತಪಾಸಣೆಯಲ್ಲಿ ಅದೇ ಗುಂಡಿಯ ಮುಂದೆ 'ತೃಪ್ತಿಕರ' ಎಂದು ಬರೆದು ಸಹಿ ಎಳೆದವನು ನಾನು.

ಸಂಜೆ ಮೇಸ್ತ್ರಿ ಬೆಣೆ ಕಿತ್ತು ನನ್ನ ಕೈಗಿಟ್ಟರು. "ಇದನ್ನೂ ಪಟ್ಟೀಲಿ ಬರಿಯಪ್ಪ, ಪಂಡಿತ."

ಬರೆಯಲು ಕೂತಿದ್ದೇನೆ, ಕಣ್ಣು ಎಳೆಯುತ್ತಿದೆ. 'ಬೆಣೆ ಇಟ್ಟವರು' ಎಂಬಲ್ಲಿಗೆ ಪೆನ್ನು ನಿಂತುಬಿಟ್ಟಿದೆ. ಅದನ್ನು ಕೆತ್ತಿದವನೂ ನಾನೇ. ತಮಾಷೆಗೆಂದು ಅದರ ತಲೆಯ ಮೇಲೆ ನಗುವ ಮುಖವೊಂದನ್ನೂ ಕೆತ್ತಿದ್ದೆ…